ಸೋಲುವ ತಂಡಕ್ಕೆ ತಾಂತ್ರಿಕ ನಿರ್ದೇಶಕನನ್ನು ಕರೆತರುವ ಕಸುಬು

1996ರ ಜೂನ್ 30. ಫ್ರಾನ್ಸಿನ ಮಾನಿ-ಕೂರ್ ಟ್ರ್ಯಾಕ್‌ನಲ್ಲಿ ಎಲ್ಲರಿಗಿಂತ ಮುಂದಿನಿಂದ ಹೊರಡಬೇಕಿದ್ದ ಮೈಕೆಲ್ ಶುಮಾಕರ್ ಅವರ ಫೆರಾರಿ, ರೇಸ್ ಶುರುವಾಗುವ ಮೊದಲೇ, ಫಾರ್ಮೇಶನ್ ಲ್ಯಾಪ್‌ನಲ್ಲಿ ಎಂಜಿನ್ ಕೆಟ್ಟು ನಿಂತಿತು. ಅದಕ್ಕೆ ಎರಡು ವಾರ ಮುಂಚೆ ಕೆನಡಾದಲ್ಲಿ ತಂಡದ ಎರಡೂ ಕಾರುಗಳು ಅರ್ಧದಲ್ಲೇ ಕೈಕೊಟ್ಟಿದ್ದವು. ಎರಡು ವಾರದ ನಂತರ ಸಿಲ್ವರ್‌ಸ್ಟೋನ್‌ನಲ್ಲಿ ಆರು ಸುತ್ತು ತುಂಬುವುದರೊಳಗೆ ಎರಡೂ ಕಾರುಗಳ ರೇಸ್ ಮುಗಿದಿತ್ತು. ಫೆರಾರಿಗೆ ಕೊರತೆಯೆಂಬುದು ಇರಲಿಲ್ಲ. ಹಣವಿತ್ತು, ಮನೆಯಂಗಳದಲ್ಲೇ ಫಿಯೊರಾನೊ ಎಂಬ ಸ್ವಂತ ಟ್ರ್ಯಾಕ್ ಇತ್ತು, ಸ್ವಂತ ಎಂಜಿನ್ ವಿಭಾಗವಿತ್ತು, ಆಗಿನ ಕಾಲದ ಅತಿ ಚುರುಕಿನ ಚಾಲಕನೂ ಇದ್ದ. ಆದರೂ 1979ರಲ್ಲಿ ಜೋಡಿ ಶೆಕ್ಟರ್ ಗೆದ್ದ ಮೇಲೆ ಫೆರಾರಿಯ ಒಬ್ಬ ಚಾಲಕನೂ ವಿಶ್ವ ಚಾಂಪಿಯನ್ ಆಗಿರಲಿಲ್ಲ.

ಇಂಥ ಸ್ಥಿತಿಯಿಂದ ಆ ತಂಡವನ್ನು ಮೇಲೆತ್ತಿದ್ದು ಒಂದು ನೇಮಕಾತಿ. ಮೋಟಾರ್ ರೇಸಿಂಗ್ ಎಂದರೆ ನಮ್ಮ ಕಣ್ಣಿಗೆ ಮೊದಲು ಬೀಳುವುದು ಚಾಲಕ. ಕಾರನ್ನು ರೂಪಿಸುವ ತಾಂತ್ರಿಕ ನಿರ್ದೇಶಕನ ಹೆಸರು ಕೆಲವರಿಗಷ್ಟೇ ಗೊತ್ತು. ಆ ತಾಂತ್ರಿಕ ನಿರ್ದೇಶಕನನ್ನು ಹುಡುಕಿ, ಒಪ್ಪಿಸಿ, ಕರೆತಂದು, ಅವನ ಕೆಲಸ ಫಲ ಕೊಡುವವರೆಗೆ ಕಾಯುವವನ ಹೆಸರು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಈ ಕೊನೆಯವನ ಕಸುಬು ಬಹಳ ನಾಜೂಕಿನದು. ಅದನ್ನು ಬಿಡಿಸಿ ನೋಡಬೇಕೆಂಬುದು ಈ ಲೇಖನದ ಆಸೆ.

ತಾಂತ್ರಿಕ ನಿರ್ದೇಶಕ ಏನು ಮಾಡುತ್ತಾನೆ? ಫಾರ್ಮುಲಾ ಒನ್ ಕಾರಿನಲ್ಲಿ ಸಾವಿರಾರು ಬಿಡಿಭಾಗಗಳಿರುತ್ತವೆ. ಒಂದೊಂದು ವಿಭಾಗಕ್ಕೂ ಒಂದೊಂದು ಬೇಡಿಕೆ. ಗಾಳಿಯ ಹರಿವನ್ನು ಲೆಕ್ಕ ಹಾಕುವ ಏರೋಡೈನಮಿಕ್ಸ್‌ನವರಿಗೆ ಕಾರಿನ ಮೈ ಸಣ್ಣಗಿರಬೇಕು. ಎಂಜಿನ್‌ನವರಿಗೆ ರೇಡಿಯೇಟರ್ ದೊಡ್ಡದಿರಬೇಕು. ಸಸ್ಪೆನ್ಷನ್ ವಿನ್ಯಾಸ ಮಾಡುವವನಿಗೆ ಗಟ್ಟಿತನ ಮುಖ್ಯ, ತೂಕ ನೋಡುವವನಿಗೆ ಪ್ರತಿ ಗ್ರಾಮೂ ಭಾರ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸರಿಯೇ. ಇವರ ನಡುವೆ ಪಂಚಾಯ್ತಿ ಮಾಡಿ, ಯಾರು ಎಷ್ಟು ಬಿಟ್ಟುಕೊಟ್ಟರೆ ಇಡೀ ಕಾರು ವೇಗವಾಗುತ್ತದೆಂದು ತೀರ್ಮಾನಿಸುವವನು ತಾಂತ್ರಿಕ ನಿರ್ದೇಶಕ. ಅವನ ತೀರ್ಪು ತಪ್ಪಾದರೆ ಇಡೀ ವರ್ಷ ನಷ್ಟ. ತೀರ್ಪು ಕೊಡುವ ಅಧಿಕಾರವೇ ಇಲ್ಲದಿದ್ದರೆ ಹಲವು ವರ್ಷ ನಷ್ಟ.

ಹಾಗಾಗಿ ಕರೆತರುವವನ ಮೊದಲ ಕೆಲಸ ರೋಗ ಹಿಡಿಯುವುದು. ಫೆರಾರಿಯಲ್ಲಿ ಈ ಕೆಲಸ ಝಾನ್ ಟಾಡ್ ಅವರದಾಗಿತ್ತು. ಪೂಜೊ ಕಂಪನಿಯ ರೇಸಿಂಗ್ ವಿಭಾಗವನ್ನು ಗೆಲ್ಲಿಸಿದ್ದ ಈ ಫ್ರೆಂಚ್ ಮನುಷ್ಯ 1993ರ ಜುಲೈನಲ್ಲಿ ಇಟಲಿಯ ಮರನೆಲ್ಲೊಗೆ ಬಂದರು. ಆಗ ಫೆರಾರಿಯ ವಿನ್ಯಾಸದ ಹೊಣೆ ಜಾನ್ ಬರ್ನಾರ್ಡ್ ಅವರ ಮೇಲಿತ್ತು. ಬರ್ನಾರ್ಡ್ ಸಾಮಾನ್ಯರಲ್ಲ. 1981ರಲ್ಲಿ ಮೆಕ್ಲಾರೆನ್‌ಗೆ ಕಾರ್ಬನ್ ಫೈಬರ್ ಚಾಸಿಯನ್ನು ತಂದವರು. ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದಲೇ ಗೇರ್ ಬದಲಿಸುವ ವ್ಯವಸ್ಥೆಯನ್ನು 1989ರ ಫೆರಾರಿಯಲ್ಲಿ ಅಳವಡಿಸಿದವರು. ಆ ಕಾರು ಓಡಿದ ಮೊದಲ ರೇಸನ್ನೇ ಗೆದ್ದಿತ್ತು. ತೊಡಕಿದ್ದದ್ದು ಅವರ ಪ್ರತಿಭೆಯಲ್ಲಲ್ಲ, ವ್ಯವಸ್ಥೆಯಲ್ಲಿ. ಬರ್ನಾರ್ಡ್ ಇಟಲಿಗೆ ಬಂದು ನೆಲೆಸಲು ಒಪ್ಪಲಿಲ್ಲ. ಅವರ ವಿನ್ಯಾಸ ಕಚೇರಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಬಳಿ ಇತ್ತು. ಚಾಸಿಯ ನಕ್ಷೆ ಅಲ್ಲಿ, ಎಂಜಿನ್ ಇಲ್ಲಿ. ಕಾರು ಕೆಟ್ಟಾಗ ತಪ್ಪು ಯಾರದೆಂಬ ಮಾತು ಎರಡು ದೇಶಗಳ ನಡುವೆ ಓಡಾಡುತ್ತಿತ್ತು. ಚಾಸಿ, ಎಂಜಿನ್ ಎರಡನ್ನೂ ತಾನೇ ಮಾಡುವುದು ಫೆರಾರಿಯ ದೊಡ್ಡ ಬಲ. ಅದೇ ಬಲ ಈ ದೂರದಲ್ಲಿ ಸೋರಿಹೋಗುತ್ತಿತ್ತು.

ರೋಗ ಇದೆಂದು ಗೊತ್ತಾದ ಮೇಲೆ ಬೇಕಾದ ಮನುಷ್ಯನ ಚಹರೆ ತಾನಾಗಿಯೇ ಸ್ಪಷ್ಟವಾಯಿತು. ಮರನೆಲ್ಲೊದಲ್ಲೇ ಮನೆ ಮಾಡಿ, ಎಲ್ಲ ವಿಭಾಗಗಳನ್ನೂ ಒಂದೇ ಸೂರಿನಡಿ ಕೂರಿಸಿ, ಒಬ್ಬೊಬ್ಬರಿಗೂ ಅವರವರ ಹೊಣೆ ಹಂಚಬಲ್ಲವನು ಬೇಕಿತ್ತು. ಟಾಡ್ ಅವರ ಕಣ್ಣು ಬೆನೆಟನ್ ತಂಡದ ರಾಸ್ ಬ್ರಾನ್ ಮೇಲೆ ಬಿತ್ತು. ಬ್ರಾನ್ ಅವರ ದುಡಿಮೆ ಶುರುವಾದದ್ದು ಇಂಗ್ಲೆಂಡಿನ ಹಾರ್ವೆಲ್ ಅಣುಶಕ್ತಿ ಸಂಶೋಧನಾ ಕೇಂದ್ರದ ಅಪ್ರೆಂಟಿಸ್ ಆಗಿ. 1976ರಲ್ಲಿ ಮಾರ್ಚ್ ಎಂಬ ರೇಸಿಂಗ್ ಕಂಪನಿಯಲ್ಲಿ ಮಿಲ್ಲಿಂಗ್ ಮೆಷಿನ್ ನಡೆಸಿದರು. ವಿಲಿಯಮ್ಸ್ ತಂಡದ ವಿಂಡ್ ಟನೆಲ್‌ನಲ್ಲಿ ಗಾಳಿಯ ವಿದ್ಯೆ ಕಲಿತರು. ಅವರು ರೂಪಿಸಿದ ಜಾಗ್ವಾರ್ ಕಾರು 1991ರ ವಿಶ್ವ ಸ್ಪೋರ್ಟ್ಸ್‌ಕಾರ್ ಚಾಂಪಿಯನ್‌ಶಿಪ್ ಗೆದ್ದಿತು. ಲೋಹ ಕೊರೆಯುವವನ ಕಷ್ಟದಿಂದ ಹಿಡಿದು ರೇಸಿನ ತಂತ್ರದವರೆಗೆ ಎಲ್ಲ ಮೆಟ್ಟಿಲನ್ನೂ ಹತ್ತಿ ಬಂದವರು ಅವರು.

ಅವರನ್ನು ಆರಿಸಿದ್ದರ ಹಿಂದಿನ ಜಾಣತನ ಕಾಣಬೇಕಾದರೆ 1995ರ ಫಲಿತಾಂಶ ನೋಡಬೇಕು. ಆ ವರ್ಷ ಬೆನೆಟನ್‌ಗೂ ಅದರ ಎದುರಾಳಿ ವಿಲಿಯಮ್ಸ್‌ಗೂ ಒಂದೇ ರೆನೋ ಎಂಜಿನ್. ಆದರೂ 17 ರೇಸುಗಳಲ್ಲಿ 11 ಬೆನೆಟನ್ ಪಾಲಾದವು. ಗೆಲುವು ಎಂಜಿನ್ನಿನಿಂದ ಬಂದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದಿಲ್ಲ. ಗೆದ್ದ ತಂಡದಲ್ಲಿ ಕೆಲಸ ಮಾಡಿದವನು ಯಾರು ಎಂದು ಕೇಳುವುದು ಸುಲಭ. ಆ ಗೆಲುವಿನಲ್ಲಿ ಅವನ ಪಾಲೆಷ್ಟು ಎಂದು ಅಳೆಯುವುದೇ ನೇಮಕ ಮಾಡುವವನ ನಿಜವಾದ ವಿದ್ಯೆ.

ಬ್ರಾನ್ ಜೊತೆಗೆ ಇನ್ನೊಬ್ಬರು ಬೇಕಿತ್ತು. ಬೆನೆಟನ್ ಕಾರುಗಳ ಮುಖ್ಯ ವಿನ್ಯಾಸಕ, ದಕ್ಷಿಣ ಆಫ್ರಿಕದ ರೋರಿ ಬರ್ನ್ ಆಗಲೇ ಫಾರ್ಮುಲಾ ಒನ್‌ಗೆ ಕೈಮುಗಿದು ಥಾಯ್ಲೆಂಡ್‌ನಲ್ಲಿ ಡೈವಿಂಗ್ ವ್ಯವಹಾರ ನಡೆಸುವ ಯೋಚನೆಯಲ್ಲಿದ್ದರು. ಅವರನ್ನೂ ಒಪ್ಪಿಸಿ ಕರೆಸಿದರು. ಬ್ರಾನ್ ವ್ಯವಸ್ಥೆ ಕಟ್ಟುವವರು, ಬರ್ನ್ ಕಾರಿನ ರೂಪ ಕಾಣುವವರು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಅರ್ಧವಾಗುತ್ತಿತ್ತು. ಒಬ್ಬನೇ ಮಹಾಪುರುಷನಿಗಾಗಿ ಕಾಯದೆ, ಈಗಾಗಲೇ ಪಳಗಿದ ಜೋಡಿಯನ್ನು ತಂದದ್ದು ಟಾಡ್ ಅವರ ಎರಡನೆಯ ಜಾಣತನ.

ಮನುಷ್ಯ ಸಿಕ್ಕ ಮೇಲೆ ಕರಾರಿನ ಮಾತು. ಫಾರ್ಮುಲಾ ಒನ್‌ನಲ್ಲಿ ಹಿರಿಯ ಎಂಜಿನಿಯರ್ ಇವತ್ತು ರಾಜೀನಾಮೆ ಕೊಟ್ಟು ನಾಳೆ ಎದುರಾಳಿಯ ಕಚೇರಿಗೆ ಹೋಗುವಂತಿಲ್ಲ. ತಿಂಗಳುಗಟ್ಟಲೆ ಸಂಬಳ ಪಡೆದು ಮನೆಯಲ್ಲಿ ಕೂರಬೇಕು. ಇದನ್ನು ಗಾರ್ಡನಿಂಗ್ ಲೀವ್ ಎನ್ನುತ್ತಾರೆ. ಅಷ್ಟರಲ್ಲಿ ಅವನಿಗೆ ಗೊತ್ತಿರುವ ಗುಟ್ಟು ಹಳತಾಗಲಿ ಎಂಬುದು ಲೆಕ್ಕ. 1996ರ ಕೊನೆಯಲ್ಲಿ ವಿಲಿಯಮ್ಸ್ ಬಿಟ್ಟ ಏಡ್ರಿಯನ್ ನ್ಯೂಯಿ ಮೆಕ್ಲಾರೆನ್‌ನಲ್ಲಿ ಕೆಲಸ ಶುರು ಮಾಡಿದ್ದು 1997ರ ಆಗಸ್ಟ್‌ನಲ್ಲಿ. ತಲೆಯಲ್ಲಿರುವ ಅನುಭವವನ್ನು ತರಬಹುದು, ಹಳೆಯ ತಂಡದ ಕಾಗದ ತರುವಂತಿಲ್ಲ. 2007ರಲ್ಲಿ ಫೆರಾರಿಯ ತಾಂತ್ರಿಕ ದಾಖಲೆಗಳು ಮೆಕ್ಲಾರೆನ್‌ನ ಹಿರಿಯ ಎಂಜಿನಿಯರ್ ಒಬ್ಬರ ಕೈ ಸೇರಿದ್ದಕ್ಕೆ ಆ ತಂಡಕ್ಕೆ 10 ಕೋಟಿ ಡಾಲರ್ ದಂಡ ಬಿತ್ತು. ತಂಡಗಳಿಗೆಂದೇ ಇರುವ ತಯಾರಕರ ಪಟ್ಟಿಯಲ್ಲಿ ಅದು ಆ ವರ್ಷದ ಅಂಕಗಳೆಲ್ಲವನ್ನೂ ಕಳೆದುಕೊಂಡಿತು.

ಈಗಿನ ನಿಯಮಗಳು ಸೋಲುವ ತಂಡದ ಕೈಗೆ ಕೆಲವು ದಾಳಗಳನ್ನೂ ಕೊಟ್ಟಿವೆ. 2021ರಲ್ಲಿ ವೆಚ್ಚದ ಮಿತಿ ಜಾರಿಗೆ ಬಂದಾಗ ಚಾಲಕರ ಸಂಬಳವನ್ನೂ, ತಂಡದಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಮೂವರ ಸಂಬಳವನ್ನೂ ಅದರಿಂದ ಹೊರಗಿಟ್ಟರು. ಹೀಗಾಗಿ ಒಬ್ಬ ಒಳ್ಳೆಯ ತಾಂತ್ರಿಕ ನಿರ್ದೇಶಕನಿಗೆ ಎಷ್ಟು ಬೇಕಾದರೂ ಕೊಡಬಹುದು. ಇನ್ನೊಂದು ನಿಯಮ ಇನ್ನೂ ಆಕರ್ಷಕ. 2022ರಿಂದ ಪಟ್ಟಿಯ ಮೊದಲ ತಂಡಕ್ಕೆ ವಿಂಡ್ ಟನೆಲ್ ಪರೀಕ್ಷೆಯಲ್ಲಿ ನಿಗದಿಯ ಶೇ 70 ಮಾತ್ರ ಸಿಕ್ಕರೆ, ಹತ್ತನೆಯ ತಂಡಕ್ಕೆ ಶೇ 115 ಸಿಗುತ್ತದೆ. ಕೊನೆಯ ಸಾಲಿನಲ್ಲಿರುವ ತಂಡ ಒಬ್ಬ ನುರಿತ ವಿನ್ಯಾಸಕನ ಮುಂದೆ ಇಡಬಹುದಾದ ಅತಿ ರುಚಿಯಾದ ಆಮಿಷ ಇದೇ: ನಮ್ಮಲ್ಲಿ ಬಂದರೆ ಪ್ರಯೋಗಕ್ಕೆ ಹೆಚ್ಚು ಅವಕಾಶ.

ಹೀಗೆ ಬಂದವನು ಮೊದಲ ದಿನದಿಂದಲೇ ಕಾರನ್ನು ವೇಗಗೊಳಿಸುತ್ತಾನೆಂದು ನಂಬುವುದು ತಪ್ಪು. ಹೊರಗಿನಿಂದ ತಂದ ಪ್ರತಿಭೆ ಮಾವಿನ ಕಸಿಯ ಹಾಗೆ. ಎಷ್ಟೇ ಒಳ್ಳೆಯ ತಳಿಯ ಕಡ್ಡಿಯಾದರೂ ಬೇರುಗಿಡ ಗಟ್ಟಿಯಿರಬೇಕು, ಬೆಸೆದ ಜಾಗ ಅಲುಗಾಡಬಾರದು, ಹಣ್ಣಿಗೆ ವರ್ಷಗಳು ಬೇಕು. 1997ರಲ್ಲಿ ಓಡಿದ ಕಾರನ್ನು ಬ್ರಾನ್ ಬರುವ ಮುಂಚೆಯೇ ಬರ್ನಾರ್ಡ್ ರೂಪಿಸಿದ್ದರು. ಬರ್ನ್ ಮರನೆಲ್ಲೊದಲ್ಲಿ ವಿನ್ಯಾಸ ವಿಭಾಗವನ್ನೇ ಬಹುಮಟ್ಟಿಗೆ ಹೊಸದಾಗಿ ಕಟ್ಟಬೇಕಾಯಿತು. ಅವರ ಮೊದಲ ಫೆರಾರಿ ಟ್ರ್ಯಾಕ್‌ಗೆ ಇಳಿದದ್ದು 1998ರಲ್ಲಿ. ಆ ವರ್ಷ ಆರು ಗೆಲುವು ಬಂದವು, ಪಟ್ಟ ಬರಲಿಲ್ಲ. 1999ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಶುಮಾಕರ್ ಕಾಲು ಮುರಿಯಿತು. ತಯಾರಕರ ಪಟ್ಟ 1983ರ ನಂತರ ಮೊದಲ ಸಲ ಸಿಕ್ಕಿತು, ಚಾಲಕರ ಪಟ್ಟ ಎರಡೇ ಅಂಕಗಳಲ್ಲಿ ತಪ್ಪಿತು. ಕೊನೆಗೆ 2000ದ ಅಕ್ಟೋಬರ್ 8ರಂದು ಜಪಾನಿನ ಸುಜುಕಾದಲ್ಲಿ 21 ವರ್ಷಗಳ ಕಾಯುವಿಕೆ ಮುಗಿಯಿತು. ಅಲ್ಲಿಂದ 2004ರವರೆಗೆ ಚಾಲಕರ ಐದೂ ಪಟ್ಟಗಳು ಶುಮಾಕರ್ ಪಾಲಾದವು. 2002ರಲ್ಲಂತೂ 17 ರೇಸುಗಳಲ್ಲಿ 15 ಫೆರಾರಿಯವು.

ಬರ್ನ್ ಅವರ ಮೊದಲ ಕಾರು ಇನ್ನೂ ಪೂರ್ತಿ ಪಳಗದ ವರ್ಷದಲ್ಲೇ ಈ ನೇಮಕಾತಿಯ ಬೆಲೆ ಒಂದು ಮಧ್ಯಾಹ್ನ ಕಂಡಿತ್ತು. 1998ರ ಆಗಸ್ಟ್‌ನಲ್ಲಿ ಹಂಗೆರಿಯಲ್ಲಿ ಶುಮಾಕರ್ ಎರಡು ಮೆಕ್ಲಾರೆನ್‌ಗಳ ಹಿಂದೆ ಮೂರನೆಯವರಾಗಿ ಹೊರಟರು. ಇಕ್ಕಟ್ಟಾದ ಆ ಟ್ರ್ಯಾಕ್‌ನಲ್ಲಿ ಓವರ್‌ಟೇಕ್ ಮಾಡುವುದು ಬಲು ಕಷ್ಟ. ಬ್ರಾನ್ ರೇಸಿನ ನಡುವೆಯೇ ಎರಡು ಪಿಟ್ ಸ್ಟಾಪ್ ಲೆಕ್ಕವನ್ನು ಮೂರಕ್ಕೆ ಬದಲಿಸಿ, 19 ಸುತ್ತುಗಳಲ್ಲಿ 25 ಸೆಕೆಂಡ್ ಗಳಿಸಬೇಕೆಂದು ರೇಡಿಯೊದಲ್ಲಿ ಹೇಳಿದರು. ಶುಮಾಕರ್ ಗಳಿಸಿದರು, ಗೆದ್ದರು. ಕಾರಿನ ಸಾಮರ್ಥ್ಯ, ಚಾಲಕನ ಸಾಮರ್ಥ್ಯ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲವನ ತೀರ್ಮಾನ ಅದು.

ಈ ವರ್ಷಗಳಲ್ಲಿ ಟಾಡ್ ಮಾಡಿದ ಇನ್ನೊಂದು ಕೆಲಸ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಸೋತಾಗ ಇಟಲಿಯ ಪತ್ರಿಕೆಗಳು ತಲೆದಂಡ ಕೇಳುತ್ತವೆ. ಆ ಪೆಟ್ಟನ್ನು ಅವರು ತಮ್ಮ ಮೈಮೇಲೆ ತೆಗೆದುಕೊಂಡರು, ವಿನ್ಯಾಸ ಕಚೇರಿಯ ಬಾಗಿಲವರೆಗೂ ಬಿಡಲಿಲ್ಲ. ಭಯದಲ್ಲಿರುವ ಎಂಜಿನಿಯರ್ ಹೊಸದನ್ನು ಪ್ರಯತ್ನಿಸುವುದಿಲ್ಲ. ಕರೆತಂದವನನ್ನು ಕಾಯುವುದು ಕರೆತರುವ ಕೆಲಸದ್ದೇ ಭಾಗ.

ಎಲ್ಲ ತಂಡಕ್ಕೂ ಇದೇ ಮದ್ದು ಹಿಡಿಸುತ್ತದೆಂದಲ್ಲ. 2023ರ ಮೊದಲ ಎರಡು ರೇಸುಗಳಲ್ಲಿ ಮೆಕ್ಲಾರೆನ್ ಒಂದು ಅಂಕವನ್ನೂ ಗಳಿಸಲಿಲ್ಲ. ತಂಡದ ಮುಖ್ಯಸ್ಥ ಆಂಡ್ರಿಯಾ ಸ್ಟೆಲ್ಲಾ ಒಂದು ಕಾಲಕ್ಕೆ ಫೆರಾರಿಯಲ್ಲಿ ಶುಮಾಕರ್ ಜೊತೆ ದುಡಿದವರು. ಹೊಸಬನೊಬ್ಬನನ್ನು ಆ ಕುರ್ಚಿಯಲ್ಲಿ ಕೂರಿಸುವ ಬದಲು ಅವರು ತಾಂತ್ರಿಕ ನಿರ್ದೇಶಕನ ಹುದ್ದೆಯನ್ನೇ ಮೂರಾಗಿ ಹಂಚಿದರು. ಅದೇ ಬೇಸಿಗೆಯಲ್ಲಿ, ಒಳಗಿದ್ದ ಜನರೇ ಸಿದ್ಧಪಡಿಸಿದ ಬದಲಾವಣೆಗಳಿಂದ ಕಾರು ಪೋಡಿಯಂ ತಲುಪಿತು. ರೆಡ್ ಬುಲ್‌ನಿಂದ ಕರೆದ ರಾಬ್ ಮಾರ್ಷಲ್ 2024ರ ಜನವರಿಯಲ್ಲಿ ಸೇರಿದರು. ಫೆರಾರಿಯಿಂದ ಬಂದ ಡೇವಿಡ್ ಸಾಂಚೆಜ್ ಮಾತ್ರ, ಹುದ್ದೆ ಮೊದಲು ಅಂದುಕೊಂಡಂತಿಲ್ಲವೆಂದು ಮೂರೇ ತಿಂಗಳಲ್ಲಿ ಹೊರನಡೆದರು. ಆ ವರ್ಷದ ಕೊನೆಗೆ ಮೆಕ್ಲಾರೆನ್ 26 ವರ್ಷಗಳ ನಂತರ ತಯಾರಕರ ಪಟ್ಟ ಗೆದ್ದಿತು. ಒಳಗಿನ ಪ್ರತಿಭೆಯನ್ನು ಮೊದಲು ಎಣಿಸಿ, ಹೊರಗಿನಿಂದ ಏನು ಬೇಕೆಂದು ಆಮೇಲೆ ನಿರ್ಧರಿಸಬೇಕೆಂಬ ಪಾಠ ಇಲ್ಲಿದೆ. ಬರುವವನಿಗೆ ಅವನ ಕೆಲಸದ ಗಡಿಯನ್ನು ಮೊದಲೇ ಖಚಿತವಾಗಿ ಹೇಳಬೇಕೆಂಬ ಪಾಠವೂ ಇದೆ.

ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ ಕೊಂಡ ಫೋರ್ಸ್ ಇಂಡಿಯಾ ತಂಡದ ಕತೆಯೂ ಇದೇ ದಾರಿಯದು. ಮೊದಲ ವರ್ಷವಾದ 2008ರಲ್ಲಿ ಅದಕ್ಕೆ ಒಂದು ಅಂಕವೂ ಬರಲಿಲ್ಲ. ಆ ವರ್ಷಾಂತ್ಯದಲ್ಲಿ ತಾಂತ್ರಿಕ ನಾಯಕತ್ವ ಬದಲಾಯಿತು, ಮೆಕ್ಲಾರೆನ್ ಮತ್ತು ಮರ್ಸಿಡಿಸ್ ಜೊತೆ ಒಪ್ಪಂದವಾಯಿತು. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಮುಗಿಸಿದರು. ಮುಂದೆ ಆಂಡ್ರ್ಯೂ ಗ್ರೀನ್ ತಾಂತ್ರಿಕ ನಿರ್ದೇಶಕರಾಗಿ ವರ್ಷಗಟ್ಟಲೆ ಅಲ್ಲೇ ಉಳಿದರು. ಸಣ್ಣ ಬಜೆಟ್ಟಿನ ಆ ತಂಡ 2016 ಮತ್ತು 2017ರಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು.

ಕೊನೆಗೆ ಮತ್ತೆ ಫೆರಾರಿಯದೇ ಲೆಕ್ಕ ನೋಡೋಣ. ಬ್ರಾನ್ 2006ರ ಕೊನೆಯಲ್ಲಿ ಅಲ್ಲಿಂದ ಹೊರಟರು. ನಂತರದ ವರ್ಷಗಳಲ್ಲಿ ಆ ಹುದ್ದೆಗೆ ಬಂದವರಲ್ಲಿ ಆಲ್ಡೊ ಕೋಸ್ಟಾ 2011ರಲ್ಲಿ, ಜೇಮ್ಸ್ ಆಲಿಸನ್ 2016ರಲ್ಲಿ ಸ್ಥಾನ ಬಿಡಬೇಕಾಯಿತು. ಇಬ್ಬರೂ ಮರ್ಸಿಡಿಸ್ ಸೇರಿದರು. ಕೋಸ್ಟಾ ಅಲ್ಲಿಗೆ ಬಂದಾಗ ಆ ತಂಡದ ಮುಖ್ಯಸ್ಥರಾಗಿದ್ದವರು ಇದೇ ರಾಸ್ ಬ್ರಾನ್. ಮರ್ಸಿಡಿಸ್ 2014ರಿಂದ 2021ರವರೆಗೆ ಸತತ ಎಂಟು ಸಲ ತಯಾರಕರ ಪಟ್ಟ ಗೆದ್ದಿತು. ಫೆರಾರಿಗೆ 2008ರ ನಂತರ 2025ರವರೆಗೂ ಒಂದು ಪಟ್ಟವೂ ಬಂದಿಲ್ಲ. ಅವೇ ಎಂಜಿನಿಯರುಗಳು, ಅದೇ ವಿದ್ಯೆ. ಒಂದು ಕಡೆ ಕಾಲಾವಕಾಶ ಸಿಗಲಿಲ್ಲ, ಇನ್ನೊಂದು ಕಡೆ ಸಿಕ್ಕಿತು. ಇನ್ನು ಮುಂದೆ ಯಾವುದಾದರೂ ತಂಡ ಹೊಸ ತಾಂತ್ರಿಕ ನಿರ್ದೇಶಕನ ಹೆಸರು ಪ್ರಕಟಿಸಿದಾಗ ಅವನ ಸಂಬಳ ಎಷ್ಟೆಂದು ನೋಡಬೇಡಿ. ಅವನ ಮಾತು ಕೊನೆಯ ಮಾತಾಗುತ್ತದೆಯೇ, ಮೂರು ವರ್ಷ ಅವನನ್ನು ಕಾಯುವ ಮುಖ್ಯಸ್ಥ ಆ ತಂಡಕ್ಕೆ ಇದ್ದಾನೆಯೇ ಎಂದು ನೋಡಿ. ಆ ಎರಡೂ ಇದ್ದ ಕಡೆ ಗೆಲುವು ತಡವಾಗಿಯಾದರೂ ಬಂದಿದೆ.