ವಾಪಸು ಕರೆಸಿಕೊಂಡ ವೇಗದ ಕಾರುಗಳು

1998ರಲ್ಲಿ ಜರ್ಮನಿಯ ಆಡಿ ಕಂಪೆನಿ ‘ಟಿಟಿ’ ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನು ಮಾರುಕಟ್ಟೆಗೆ ತಂದಾಗ ನೋಡಿದವರೆಲ್ಲ ತಲೆದೂಗಿದರು. ಕವುಚಿಟ್ಟ ಬೋಗುಣಿಯಂಥ ದುಂಡನೆಯ ಛಾವಣಿ, ಮುಂದೂ ಹಿಂದೂ ಒಂದೇ ಬಗೆಯ ಬಾಗು, ಚೂಪಾದ ಮೂಲೆ ಎಂಬುದೇ ಇಲ್ಲ. ವೇಗದ ಕಾರುಗಳ ಬೆನ್ನ ಮೇಲೆ ಸಾಮಾನ್ಯವಾಗಿ ಕಾಣುವ, ಸ್ಪಾಯ್ಲರ್ ಎಂದು ಕರೆಯುವ ಪಟ್ಟಿಯೂ ಅದಕ್ಕಿರಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಅಪಘಾತಗಳ ಸುದ್ದಿ ಬರತೊಡಗಿತು. ಜರ್ಮನಿಯ ಆಟೋಬಾನ್ ಹೆದ್ದಾರಿಗಳ ಅನೇಕ ಭಾಗಗಳಲ್ಲಿ ವೇಗಕ್ಕೆ ಮಿತಿಯಿಲ್ಲ. ಗಂಟೆಗೆ 180 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಚಾಲಕ ಥಟ್ಟನೆ ಪಕ್ಕಕ್ಕೆ ಸರಿದಾಗ ಅಥವಾ ಬಿರುಸಾಗಿ ತಿರುಗಿಸಿದಾಗ ಕಾರು ಹಿಡಿತ ತಪ್ಪುತ್ತಿತ್ತು. ಕೆಲವರು ಪ್ರಾಣ ಕಳೆದುಕೊಂಡರು.

ಇದೇಕೆ ಹೀಗೆ? ಉತ್ತರ ಹೈಸ್ಕೂಲಿನ ವಿಜ್ಞಾನದಲ್ಲೇ ಇದೆ. ವಿಮಾನದ ರೆಕ್ಕೆಯ ಬಾಗಿದ ಮೇಲ್ಮೈಯ ಮೇಲೆ ಹರಿಯುವ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಕುಗ್ಗುತ್ತದೆ. ಕೆಳಗಿನ ಹೆಚ್ಚಿನ ಒತ್ತಡ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಹಿಂದಕ್ಕೆ ಬಾಗಿ ಇಳಿಯುವ ಕಾರಿನ ಛಾವಣಿಯೂ ಸ್ವಲ್ಪಮಟ್ಟಿಗೆ ಇಂಥದೇ ರೆಕ್ಕೆ. ಈ ಎತ್ತುವ ಬಲ ವೇಗದ ವರ್ಗದಂತೆ ಏರುತ್ತದೆ ಎಂಬುದನ್ನು ಮರೆಯಬಾರದು. 60 ಕಿ.ಮೀ. ವೇಗದಲ್ಲಿರುವ ಬಲ 180ಕ್ಕೆ ಬಂದಾಗ ಮೂರು ಪಟ್ಟಲ್ಲ, ಒಂಬತ್ತು ಪಟ್ಟು! ಆಗ ಹಿಂಬದಿಯ ಚಕ್ರಗಳು ನೆಲವನ್ನು ಒತ್ತುವುದು ಕಡಿಮೆಯಾಗುತ್ತದೆ; ಒತ್ತಡ ಕಡಿಮೆಯಾದರೆ ಘರ್ಷಣೆಯೂ ಕಡಿಮೆ. ಅಂಥ ಹೊತ್ತಿನಲ್ಲಿ ಚಾಲಕ ಗಾಬರಿಯಿಂದ ಆಕ್ಸಿಲರೇಟರ್‌ನಿಂದ ಕಾಲು ತೆಗೆದನೆನ್ನಿ. ಕಾರಿನ ಭಾರ ಮುಂದಕ್ಕೆ ವಾಲಿ, ಮೊದಲೇ ಹಗುರಾಗಿದ್ದ ಹಿಂಭಾಗ ಇನ್ನಷ್ಟು ಹಗುರಾಗಿ ಬಾಲದಂತೆ ಬೀಸುತ್ತದೆ.

1999ರ ಕೊನೆಯ ಹೊತ್ತಿಗೆ ಆಡಿ, ಮಾರಾಟವಾದ ಟಿಟಿ ಕಾರುಗಳನ್ನು ವಾಪಸು ಕರೆಸಿಕೊಳ್ಳಲು ಮುಂದಾಯಿತು. ಹಿಂಬದಿಗೆ ಸಣ್ಣದೊಂದು ಸ್ಪಾಯ್ಲರ್ ಬಂತು. ಸಸ್ಪೆನ್ಷನ್ ಬದಲಾಯಿತು. ಕಾರು ಅಡ್ಡ ಜಾರುವುದನ್ನು ತಾನೇ ಗುರುತಿಸಿ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕು ಹಾಕುವ ಇಎಸ್‌ಪಿ ಎಂಬ ವಿದ್ಯುನ್ಮಾನ ವ್ಯವಸ್ಥೆಯೂ ಸೇರಿತು. ಇದ್ಯಾವುದೂ ಆಗ ಹೊಸ ಶೋಧವಲ್ಲ. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಎ-ಕ್ಲಾಸ್ ಕಾರು ಮಗುಚಿಕೊಂಡಾಗ ಆ ಕಂಪೆನಿ ಹುಡುಕಿಕೊಂಡ ಮದ್ದೂ ಇದೇ ಇಎಸ್‌ಪಿ. ಗಾಳಿ ಸುರಂಗದಲ್ಲಿ ಕಾರುಗಳನ್ನು ತಿಂಗಳುಗಟ್ಟಲೆ ಪರೀಕ್ಷಿಸುವವರಿಗೆ ಒಂದು ಪಟ್ಟಿಯ ಅಗತ್ಯ ತಿಳಿಯಲು ಅಷ್ಟು ಅಪಘಾತಗಳು ಬೇಕಾಗಿದ್ದವೇ ಎಂದು ಜನ ಕೇಳಿದ್ದರಲ್ಲಿ ತಪ್ಪಿಲ್ಲ.

ಬೆಂಕಿಯ ವಿಷಯದಲ್ಲಿ ಮಾತ್ರ ಕಂಪೆನಿಗಳು ಚುರುಕು. 2010ರಲ್ಲಿ ಇಟಲಿಯ ಫೆರಾರಿ ಕಂಪೆನಿಯ 458 ಇಟಾಲಿಯಾ ಕಾರುಗಳು ಒಂದರ ಹಿಂದೊಂದು ಹೊತ್ತಿಕೊಂಡವು. ಹಿಂಚಕ್ರದ ಗೂಡಿನ ಬಳಿ ಶಾಖ ತಡೆಯುವ ಹಾಳೆಯನ್ನು ಅಂಟಿನಿಂದ ಅಂಟಿಸಿದ್ದರು. ವಿಪರೀತ ಕಾವಿಗೆ ಆ ಅಂಟೇ ಹೊತ್ತಿಕೊಳ್ಳುತ್ತಿತ್ತು! ಅದೇ ಸೆಪ್ಟೆಂಬರಿನಲ್ಲಿ ಅದುವರೆಗೆ ತಯಾರಾಗಿದ್ದ 1,248 ಕಾರುಗಳನ್ನೂ ಕರೆಸಿ ಅಂಟಿನ ಬದಲು ಲೋಹದ ಮೊಳೆಗಳನ್ನು ಬಿಗಿದರು. ಈ ಕಾರಣದಿಂದಲೇ ಸುಟ್ಟುಹೋದ ಕಾರುಗಳ ಮಾಲೀಕರಿಗೆ ಹೊಸ ಕಾರು ಸಿಕ್ಕಿತು.

2014ರ ಆರಂಭದಲ್ಲಿ ಪೋರ್ಷೆ 911 ಜಿಟಿ3 ಕಾರುಗಳೆರಡು ಯೂರೋಪಿನಲ್ಲಿ ಹೊತ್ತಿ ಉರಿದವು. ಕಂಪೆನಿ ಮಾರಾಟ ನಿಲ್ಲಿಸಿತು. ಕಾರು ಓಡಿಸಬೇಡಿ, ನಾವೇ ಬಂದು ಒಯ್ಯುತ್ತೇವೆ ಎಂದು ಮಾಲೀಕರಿಗೆ ಹೇಳಿತು. ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ತಿರುಪು ಸಡಿಲವಾಗಿದ್ದೇ ಮೂಲ ಎಂದು ಪತ್ತೆಯಾಯಿತು. ಈ ಎಂಜಿನು ನಿಮಿಷಕ್ಕೆ 9,000 ಸುತ್ತು ತಿರುಗಬಲ್ಲದು. ಅಂದರೆ ಸೆಕೆಂಡಿಗೆ 150 ಸುತ್ತು. ಪ್ರತಿ ಸುತ್ತಿಗೂ ಪಿಸ್ಟನ್ ಮೇಲೊಮ್ಮೆ ಕೆಳಗೊಮ್ಮೆ ಗಕ್ಕನೆ ನಿಂತು ಹಿಂದಿರುಗಬೇಕು, ಸೆಕೆಂಡಿಗೆ 300 ಸಲ! ಆ ಕ್ಷಣದ ವೇಗೋತ್ಕರ್ಷ ಭೂಗುರುತ್ವದ ಮೂರು ಸಾವಿರ ಪಟ್ಟಿಗೂ ಮಿಕ್ಕಿದ್ದು. ತಿರುಪು ಒಂದು ಕೂದಲೆಳೆಯಷ್ಟು ಸಡಿಲಗೊಂಡರೂ ಪ್ರತಿ ಎಳೆತವೂ ಸುತ್ತಿಗೆಯ ಪೆಟ್ಟು. ಕಳಚಿದ ರಾಡು ಎಂಜಿನಿನ ಕವಚವನ್ನು ಒಡೆದು, ಹೊರಚೆಲ್ಲಿದ ಎಣ್ಣೆಗೆ ಬೆಂಕಿ ಹತ್ತಿತ್ತು. ಮಾರಾಟವಾಗಿದ್ದ 785 ಕಾರುಗಳಿಗೂ ಪೋರ್ಷೆ ಹೊಸ ಎಂಜಿನನ್ನೇ ಕೂರಿಸಿಕೊಟ್ಟಿತು.

ಆದರೆ ಇದೇ ಪೋರ್ಷೆಯ ಹಳೆಯ ಕಥೆ ಬೇರೆ. 1990ರ ದಶಕದ ಕೊನೆಯಿಂದ 2005ರ ಸುಮಾರಿನವರೆಗಿನ ಅದರ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳ ಎಂಜಿನಿನೊಳಗೆ ಒಂದು ನಡುದಂಡವಿತ್ತು. ಅದನ್ನು ಹೊತ್ತ ಬೇರಿಂಗು ಕೆಲವು ಕಾರುಗಳಲ್ಲಿ ಮುನ್ಸೂಚನೆಯಿಲ್ಲದೆ ಪುಡಿಯಾಗಿ ಇಡೀ ಎಂಜಿನನ್ನೇ ಹಾಳುಮಾಡುತ್ತಿತ್ತು. ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿದ್ದ ಈ ದೋಷಕ್ಕೆ ಕಾರುಗಳನ್ನು ವಾಪಸು ಕರೆಸಲೇ ಇಲ್ಲ. ಅಮೆರಿಕದ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದ ಮೇಲೆ, 2013ರಲ್ಲಿ, 2001ರಿಂದ 2005ರ ಮಾದರಿಗಳಿಗೆ ಸಂಬಂಧಿಸಿದಂತೆ ರಾಜಿಯಾಯಿತು. ಅದೇ ಅಮೆರಿಕದಲ್ಲಿ 1999ರಲ್ಲಿ ಫೋರ್ಡ್ ಕಂಪೆನಿ, ತನ್ನ ಮಸ್ಟಾಂಗ್ ಕೋಬ್ರಾ ಜಾಹೀರಾತಿನಲ್ಲಿ ಹೇಳಿದ 320 ಅಶ್ವಶಕ್ತಿ ಕೊಡುತ್ತಿಲ್ಲವೆಂದು ಗಿರಾಕಿಗಳು ಅಳೆದು ತೋರಿಸಿದ ಕೂಡಲೇ ಕಾರುಗಳನ್ನು ಕರೆಸಿ ಸರಿಪಡಿಸಿತ್ತು. ಕಾಣೆಯಾದ ಕುದುರೆಗಳಿಗೆ ಸಿಕ್ಕ ಮರ್ಯಾದೆ ಸವೆದ ಬೇರಿಂಗಿಗೆ ಸಿಗಲಿಲ್ಲ!

ಇದರ ಹಿಂದೆ ಕಾನೂನಿನ ಲೆಕ್ಕಾಚಾರವೂ ಇದೆ. ಅಮೆರಿಕದ 1966ರ ಕಾಯಿದೆಯ ಹಾದಿಯಲ್ಲಿ ಬಂದ ನಿಯಮಗಳ ಪ್ರಕಾರ, ಸುರಕ್ಷತೆಗೆ ಧಕ್ಕೆ ತರುವ ದೋಷ ಖಚಿತವಾದ ಐದು ಕೆಲಸದ ದಿನಗಳೊಳಗೆ ತಯಾರಕರು ಸರ್ಕಾರಕ್ಕೆ ತಿಳಿಸಬೇಕು, ಪುಕ್ಕಟೆಯಾಗಿ ಸರಿಪಡಿಸಬೇಕು. ಬಾಳಿಕೆ ಬಾರದ ಬಿಡಿಭಾಗಕ್ಕೆ ಇದು ಅನ್ವಯಿಸದು. ಹಾಗಾಗಿ ‘ಇದು ಸುರಕ್ಷತೆಯ ಪ್ರಶ್ನೆಯೋ, ಬರೀ ರಿಪೇರಿಯ ಪ್ರಶ್ನೆಯೋ’ ಎಂಬ ವಾದದಲ್ಲೇ ವರ್ಷಗಳು ಉರುಳುತ್ತವೆ. ಭಾರತದಲ್ಲಿ ದೋಷಪೂರಿತ ವಾಹನಗಳನ್ನು ವಾಪಸು ಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂದದ್ದು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಿಂದ. ಅದರ ನಿಯಮಗಳು 2021ರ ಏಪ್ರಿಲ್‌ನಿಂದ ಜಾರಿಗೆ ಬಂದವು.

ಅಂಥ ವಾದ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಸಾಕ್ಷಿ. ಅದರ ಶೆವರ್ಲೆ ಕೋಬಾಲ್ಟ್ ಕಾರಿನಲ್ಲಿ, ಪಾಂಟಿಯಾಕ್ ಸಾಲ್‌ಸ್ಟಿಸ್‌ನಂಥ ಸ್ಪೋರ್ಟ್ಸ್ ಕಾರಿನಲ್ಲಿ ಬೀಗದ ಕೈ ತಿರುಗಿಸುವ ಸ್ವಿಚ್ಚು ತೀರ ಸಡಿಲ. ಭಾರದ ಕೀಲಿಗೊಂಚಲು ತೂಗಾಡಿದರೂ, ಮೊಣಕಾಲು ತಾಗಿದರೂ ಕೀಲಿ ತಾನಾಗಿ ಹಿಂದಕ್ಕೆ ತಿರುಗಿ ಓಡುವ ಕಾರಿನ ಎಂಜಿನು ಆಫ್ ಆಗುತ್ತಿತ್ತು. ಸ್ಟಿಯರಿಂಗ್ ಬಿಗಿಯಾಗುತ್ತದೆ, ಡಿಕ್ಕಿ ಹೊಡೆದರೆ ಗಾಳಿಚೀಲವೂ ಉಬ್ಬದು. ಕಾರು ಮಾರುಕಟ್ಟೆಗೆ ಬರುವ ಮೊದಲೇ ಈ ದೂರು ಕಂಪೆನಿಯ ಎಂಜಿನಿಯರುಗಳ ಮುಂದಿತ್ತು. ಆದರೆ ಅವರು ಅದನ್ನು ಗಿರಾಕಿಗೆ ಆಗುವ ಕಿರಿಕಿರಿ ಎಂದು ಬಗೆದರೇ ಹೊರತು ಅಪಾಯವೆಂದು ಎಣಿಸಲಿಲ್ಲ.

2006ರಲ್ಲಿ ಸ್ವಿಚ್ಚಿನೊಳಗಿನ ಸ್ಪ್ರಿಂಗು ಮತ್ತು ಕಡ್ಡಿಯನ್ನು ಸದ್ದಿಲ್ಲದೆ ಉದ್ದಗೊಳಿಸಿ ಬಿಗಿ ಮಾಡಿದರು. ಬಿಡಿಭಾಗ ಬದಲಾದಾಗ ಅದರ ನಂಬರೂ ಬದಲಾಗಬೇಕು. ಇಲ್ಲಿ ಹಳೆಯ ನಂಬರನ್ನೇ ಉಳಿಸಿಕೊಂಡರು! ಹೀಗಾಗಿ ಹೊಸ ಕಾರುಗಳಲ್ಲಿ ಅಪಘಾತ ಏಕೆ ಕಡಿಮೆಯಾಯಿತೆಂದು ಮುಂದೆ ತನಿಖೆ ಮಾಡಿದವರಿಗೂ ವರ್ಷಗಟ್ಟಲೆ ತಿಳಿಯಲಿಲ್ಲ. ಕೊನೆಗೆ, ಅಪಘಾತದಲ್ಲಿ ಮಗಳನ್ನು ಕಳೆದುಕೊಂಡ ದಂಪತಿಯ ವಕೀಲರು ನೇಮಿಸಿದ ಒಬ್ಬ ಎಂಜಿನಿಯರ್ ಹಳೆಯ ಹೊಸ ಸ್ವಿಚ್ಚುಗಳೆರಡನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಗುಟ್ಟು ಹೊರಬಿತ್ತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಲಾಯಿತು. ಕಂಪೆನಿಯ ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ನೀಡಿತು. 2015ರಲ್ಲಿ ಸರ್ಕಾರಕ್ಕೆ 90 ಕೋಟಿ ಡಾಲರ್ ತೆರಬೇಕಾಯಿತು. ಸ್ವಿಚ್ಚಿನ ಆ ಬಿಡಿಭಾಗದ ಬೆಲೆ ಒಂದು ಡಾಲರಿಗೂ ಕಡಿಮೆ.

ಅದೇ 2014ರ ಜೂನ್‌ನಲ್ಲಿ ಕಂಪೆನಿ ತನ್ನ ಹೆಸರುವಾಸಿ ವೇಗದ ಕಾರು ಕಮಾರೊವನ್ನೂ ಕರೆಸಿಕೊಂಡಿತು, ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ. ಸ್ಟಿಯರಿಂಗಿಗೆ ಹತ್ತಿರ ಕೂರುವ ಚಾಲಕನ ಮೊಣಕಾಲು ಕೀಲಿಯ ದಪ್ಪ ಹಿಡಿಗೆ ತಾಗಿ ಎಂಜಿನು ಆಫ್ ಆಗುವ ಸಂಭವ ಅಲ್ಲಿಯೂ ಇತ್ತು. ಈ ಸಲ ಸ್ವಿಚ್ಚಿನ ತಂಟೆಗೆ ಹೋಗದೆ ಕೀಲಿಯನ್ನು ಹಿಡಿಯಿಂದ ಬೇರ್ಪಡಿಸಿ ಸಾದಾ ಕೀಲಿಯನ್ನೇ ಕೊಟ್ಟರು.