ಗೋಡೆಯ ತೂತೂ, ಮುಂಗಡ ಹಣವೂ

ಬಾಗಿಲನ್ನು ತುಸು ಜೋರಾಗಿ ತಳ್ಳಿದರೆ ಸಾಕು, ಅದರ ಹಿಡಿ ಬಡಿದು ಗೋಡೆಯಲ್ಲಿ ಮುಷ್ಟಿಗಾತ್ರದ ತೂತು! ಇಟ್ಟಿಗೆ, ಗಾರೆಯ ಗೋಡೆಗಳ ನಡುವೆ ಬೆಳೆದವರಿಗೆ ಇದನ್ನು ನಂಬುವುದು ಕಷ್ಟ. ಆದರೆ ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋಗಿ ಬಾಡಿಗೆ ಮನೆ ಹಿಡಿಯುವ ಕರ್ನಾಟಕದ ವಿದ್ಯಾರ್ಥಿಗಳಿಗೆ ಇಂಥ ಗೋಡೆಗಳೇ ಎದುರಾಗುತ್ತವೆ. ಮನೆ ಬಿಡುವಾಗ ಮಾಲೀಕರು ಗೋಡೆಗಳನ್ನು ಪರೀಕ್ಷಿಸಿ, ಹಾನಿ ಕಂಡರೆ ದುರಸ್ತಿಯ ಖರ್ಚನ್ನು ಮುಂಗಡ ಹಣದಲ್ಲಿ ಮುರಿದುಕೊಳ್ಳುತ್ತಾರೆ. ಸಾಲ ಮಾಡಿ ಮಗನನ್ನೋ ಮಗಳನ್ನೋ ಕಳಿಸಿದ ತಂದೆತಾಯಿಗೆ ಆ ಡಾಲರುಗಳ ಬೆಲೆ ಚೆನ್ನಾಗಿ ಗೊತ್ತು.

ಕಾಗದದ ನಡುವಿನ ಕಲ್ಲು

ಈ ಗೋಡೆಯ ಹೆಸರು ಡ್ರೈವಾಲ್. ಎರಡು ದಪ್ಪ ಕಾಗದಗಳ ನಡುವೆ ಜಿಪ್ಸಂ ತುಂಬಿದ ಹಲಗೆ. ದಪ್ಪ ಸಾಮಾನ್ಯವಾಗಿ ಅರ್ಧ ಅಂಗುಲ. ಇದನ್ನು ಮರದ ಕಂಬಿಗಳ ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಕಂಬಿಗಳ ನಡುವೆ ಬರೀ ಪೊಳ್ಳು. ಇದರ ಪೂರ್ವಜ ಎನ್ನಬಹುದಾದ ಹಲಗೆಗೆ ಆಗಸ್ಟೀನ್ ಸ್ಯಾಕೆಟ್ 1894ರಲ್ಲಿ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದ ನಂತರ ಮನೆಗಳನ್ನು ಬೇಗ ಕಟ್ಟಬೇಕಾಗಿ ಬಂದಾಗ ಅದು ಎಲ್ಲೆಡೆ ಹಬ್ಬಿತು. ಜಿಪ್ಸಂ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ನೀರೇ ಇರುವುದರಿಂದ ಬೆಂಕಿ ಹರಡುವುದು ನಿಧಾನವಾಗುತ್ತದೆ ಎಂಬುದು ಇದರ ದೊಡ್ಡ ಗುಣ.

ಮೊದಲು ತೇಪೆ

ತೂತಿನ ಅಂಚನ್ನು ಚೌಕವಾಗಿ ಕತ್ತರಿಸಿ, ಒಳಗೆ ಮರದ ಪಟ್ಟಿಯೊಂದನ್ನು ಅಡ್ಡವಿಟ್ಟು ಸ್ಕ್ರೂ ಹಾಕಬೇಕು. ಅದರ ಮೇಲೆ ಅದೇ ಅಳತೆಯ, ಅದೇ ದಪ್ಪದ ಹೊಸ ತುಂಡನ್ನು ಕೂರಿಸಿ, ಸಂದುಗಳಿಗೆ ಟೇಪು ಅಂಟಿಸಿ, ಜಾಯಿಂಟ್ ಕಾಂಪೌಂಡ್ ಬಳಿಯಬೇಕು. ಒಂದೇ ಸಲ ದಪ್ಪಗೆ ಮೆತ್ತಿದರೆ ಬಿರುಕು ಬಿಡುತ್ತದೆ. ಎರಡು ಮೂರು ತೆಳು ಪದರ ಬೇಕು. ಒಂದು ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಪ್ರತಿ ಪದರವನ್ನೂ ಹಿಂದಿನದಕ್ಕಿಂತ ಅಗಲವಾಗಿ ಎಳೆದರೆ ಅಂಚು ಕಾಣುವುದಿಲ್ಲ. ಕೊನೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಧೂಳು ಒರೆಸಬೇಕು.

ಮೈ ಹೊಂದಿಸುವ ಕಷ್ಟ

ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಅಲ್ಲಿನ ಹಲವು ಮನೆಗಳ ಗೋಡೆ ನುಣುಪಾಗಿರುವುದಿಲ್ಲ. ಕಿತ್ತಳೆ ಸಿಪ್ಪೆಯಂತೆ ಸಣ್ಣ ಉಬ್ಬುಗಳಿದ್ದರೆ ‘ಆರೆಂಜ್ ಪೀಲ್’. ಆ ಉಬ್ಬುಗಳ ತಲೆಯನ್ನು ಚಪ್ಪಟೆ ಮಾಡಿದ್ದರೆ ‘ನಾಕ್‌ಡೌನ್’. ಇಂಥ ಗೋಡೆಯಲ್ಲಿ ನುಣುಪು ತೇಪೆ, ಹುಲ್ಲುಹಾಸಿನ ನಡುವಿನ ಬೋಳು ಜಾಗದಂತೆ ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೆಂದೇ ಸಿಂಪಡಿಸುವ ಡಬ್ಬಿಗಳು ಸಿಗುತ್ತವೆ. ಮೊದಲು ರಟ್ಟಿನ ಮೇಲೆ ಸಿಂಪಡಿಸಿ, ಹನಿಯ ಗಾತ್ರ ಹಳೆಯ ಗೋಡೆಗೆ ಹೊಂದುವವರೆಗೆ ಅಭ್ಯಾಸ ಮಾಡಬೇಕು. ನಂತರ ಗೋಡೆಗೆ ಹಗುರವಾಗಿ, ಕೈ ನಿಲ್ಲಿಸದೆ ಸಿಂಪಡಿಸಿ, ಹಳೆಯ ಉಬ್ಬುಗಳ ಮೇಲೂ ಸ್ವಲ್ಪ ಹರಡಬೇಕು. ನಾಕ್‌ಡೌನ್ ಆದರೆ ಹನಿಗಳ ಒದ್ದೆ ಹೊಳಪು ಮಾಯವಾಗುವವರೆಗೆ ಕಾದು, ಅಗಲವಾದ ಅಲಗನ್ನು ಮೃದುವಾಗಿ ಎಳೆಯಬೇಕು. ಅವಸರ ಮಾಡಿದರೆ ಎಲ್ಲ ಬಳಿದುಹೋಗುತ್ತದೆ. ಕೆಟ್ಟಿತೇ? ಒಣಗುವ ಮುನ್ನ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಶುರು ಮಾಡಬಹುದು.

ಒಣಗಿದ ಮೇಲೆ ಪ್ರೈಮರ್ ಹಚ್ಚದೆ ಬಣ್ಣ ಬಳಿದರೆ ತೇಪೆ ಬಣ್ಣವನ್ನು ಹೀರಿ ಮಂಕಾಗಿ ಕಾಣುತ್ತದೆ. ತೇಪೆಗಷ್ಟೇ ಅಲ್ಲ, ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಬಣ್ಣ ಹಚ್ಚುವುದು ಲೇಸು. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ಕೆಲಸದ ಗುಟ್ಟು ರಟ್ಟಾಗುತ್ತದೆ.

ಎಚ್ಚರ ಇರಲಿ

ಹಳೆಯ ಕಟ್ಟಡವಾದರೆ ಕೆರೆಯುವ ಮುನ್ನ ಯೋಚಿಸಬೇಕು. ಕಲ್ನಾರು ಬೆರೆತ ತೇಪೆ ಸಾಮಗ್ರಿಯನ್ನು ಅಮೆರಿಕ ನಿಷೇಧಿಸಿದ್ದು 1977ರಲ್ಲಿ. ಮನೆಗಳಿಗೆ ಸೀಸದ ಬಣ್ಣ ನಿಂತದ್ದು 1978ರಲ್ಲಿ. ಆ ಕಾಲದ ಗೋಡೆಯ ಧೂಳು ಶ್ವಾಸಕೋಶಕ್ಕೆ ಅಪಾಯ. ಅಲ್ಲಿ ಪರೀಕ್ಷೆ ಆಗದೆ ಕೈ ಹಾಕಬಾರದು.

ಬಾಡಿಗೆ ಕರಾರನ್ನು ಓದಿ, ಮಾಲೀಕರಿಗೆ ತಿಳಿಸಿಯೇ ಕೆಲಸಕ್ಕಿಳಿಯುವುದು ಕ್ಷೇಮ. ಮನೆಗೆ ಬಂದ ಮೊದಲ ದಿನವೇ ಗೋಡೆಗಳ ಫೋಟೊ ತೆಗೆದಿಟ್ಟರೆ ಹಳೆಯ ತೂತು ಹೊಸ ಬಾಡಿಗೆದಾರರ ಲೆಕ್ಕಕ್ಕೆ ಬರುವುದು ತಪ್ಪುತ್ತದೆ.

ಅಂದಹಾಗೆ, ಅಮೆರಿಕದ ಕೆಲಸಗಾರರು ಜಾಯಿಂಟ್ ಕಾಂಪೌಂಡನ್ನು ಕರೆಯುವುದೇ ‘ಮಡ್’ ಎಂದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಅಲ್ಲಿಯೂ ಸಲ್ಲುತ್ತದೆ!