ಬೀದಿಬದಿಯ ವ್ಯಾಪಾರಿ: ಲಂಡನ್ನಿನ 'ಬಿಗ್ ಇಷ್ಯೂ' ಪತ್ರಿಕೆಯ ಮಾದರಿ

ಸೂರಿಲ್ಲದವರ ನೆರವಿಗಾಗಿ ಬ್ರ್ಯಾಂಡ್ ಒಂದನ್ನು ಕಟ್ಟಹೊರಟವರು ಸಾಮಾನ್ಯವಾಗಿ ಎಡವುವುದು ಚಿತ್ರದ ಆಯ್ಕೆಯಲ್ಲಿ. ಬಾಡಿದ ಮುಖ, ಹರಿದ ಕಂಬಳಿ, ಚಾಚಿದ ಕೈಗಳನ್ನು ತೋರಿಸಿದರೆ ಹಣವೇನೋ ಬಂದೀತು. ಆದರೆ ಯಾರಿಗಾಗಿ ಆ ಹಣವೋ ಅವರಿಗೆ ಭಿಕ್ಷುಕರೆಂಬ ಹಣೆಪಟ್ಟಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಈ ಇಕ್ಕಟ್ಟಿಗೆ ಬೇರೊಂದು ದಾರಿ ಕಂಡುಕೊಂಡದ್ದು 1991ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಆರಂಭವಾದ 'ದಿ ಬಿಗ್ ಇಷ್ಯೂ' ಪತ್ರಿಕೆ.

ಮೂಲ ಕಲ್ಪನೆ ನ್ಯೂಯಾರ್ಕಿನದು. ಅಲ್ಲಿನ ನಿರ್ವಸಿತರು ಮಾರುತ್ತಿದ್ದ 'ಸ್ಟ್ರೀಟ್ ನ್ಯೂಸ್' ಪತ್ರಿಕೆಯನ್ನು ಕಂಡ ಗಾರ್ಡನ್ ರಾಡಿಕ್, ಅಂಥದೊಂದನ್ನು ಲಂಡನ್ನಿನಲ್ಲಿಯೂ ತರಲು ಹಳೆಯ ಗೆಳೆಯ ಜಾನ್ ಬರ್ಡ್ ಅವರ ನೆರವು ಪಡೆದರು. ರಾಡಿಕ್, ಬಾಡಿ ಶಾಪ್ ಸಂಸ್ಥೆಯನ್ನು ಸ್ಥಾಪಿಸಿದ ಅನಿತಾ ರಾಡಿಕ್ ಅವರ ಪತಿ. ಬರ್ಡ್ ಅವರಾದರೋ ಬಾಲ್ಯದಲ್ಲಿಯೇ ಮನೆ ಕಳೆದುಕೊಂಡು ಅನಾಥಾಲಯ ಸೇರಿದ್ದವರು, ಸೆರೆವಾಸವನ್ನೂ ಕಂಡವರು. ಕರುಣೆಯ ಮಾತು ಕೇಳುವವನ ಕಿವಿಗೆ ಹೇಗೆ ತಾಗುತ್ತದೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈ ಯೋಜನೆಯ ಜೀವಾಳವಿರುವುದು ಲಾಂಛನದಲ್ಲಲ್ಲ, ಲೆಕ್ಕದಲ್ಲಿ. ಹೊಸದಾಗಿ ಸೇರುವ ಮಾರಾಟಗಾರನಿಗೆ ಬಂಡವಾಳವೆಂದು ಕೆಲವು ಪ್ರತಿಗಳನ್ನು ಉಚಿತವಾಗಿ ಕೊಡುತ್ತಾರೆ. ಅನಂತರ ಆತ ಮುಖಬೆಲೆಯ ಅರ್ಧದಷ್ಟು ತೆತ್ತು ಪ್ರತಿಗಳನ್ನು ಕೊಂಡು, ಪೂರ್ಣ ಬೆಲೆಗೆ ಮಾರಬೇಕು. ಮಾರಾಟವಾಗದೆ ಉಳಿದದ್ದನ್ನು ಸಂಸ್ಥೆ ಹಿಂದಕ್ಕೆ ಪಡೆಯುವುದಿಲ್ಲ. ಮೇಲ್ನೋಟಕ್ಕೆ ಇದು ನಿರ್ದಯವೆನಿಸಬಹುದು. ಆದರೆ ನಾಳೆ ಮಳೆ ಬಂದೀತೇ, ಹತ್ತು ಪ್ರತಿ ಸಾಕೇ, ಇಪ್ಪತ್ತು ಕೊಳ್ಳಲೇ ಎಂದು ಯೋಚಿಸುವವನು ವ್ಯಾಪಾರಿಯೇ ಹೊರತು ಫಲಾನುಭವಿಯಲ್ಲ. ಸಂಖ್ಯೆಯುಳ್ಳ ಗುರುತುಚೀಟಿ, ಕೆಂಪು ಮೇಲಂಗಿ, ಗೊತ್ತುಪಡಿಸಿದ ಜಾಗ, ನಡತೆಯ ನಿಯಮಗಳು ಇವೆಲ್ಲ ಸಾರುವುದೂ ಅದನ್ನೇ.

ಕೊಳ್ಳುವವರಿಗೂ ಒಂದು ಕಟ್ಟಳೆ ಇದೆ: ಹಣ ಕೊಟ್ಟ ಮೇಲೆ ಪತ್ರಿಕೆಯನ್ನು ತೆಗೆದುಕೊಂಡೇ ಹೋಗಬೇಕೆಂದು ಸಂಸ್ಥೆ ಕೋರುತ್ತದೆ. 'ಪತ್ರಿಕೆ ನೀನೇ ಇಟ್ಟುಕೋ' ಎನ್ನುವ ಉದಾರಿಯು ಅರಿವಿಲ್ಲದೆಯೇ ಆ ವ್ಯಾಪಾರವನ್ನು ಭಿಕ್ಷೆಯಾಗಿಸಿಬಿಡುತ್ತಾನೆ. (ನಮ್ಮಲ್ಲಿ ಅನೇಕರು ಸಿಗ್ನಲ್ಲುಗಳಲ್ಲಿ ಪೆನ್ನು ಮಾರುವ ಹುಡುಗರಿಗೆ ಮಾಡುವುದು ಇದನ್ನೇ ಅಲ್ಲವೇ?) ಹಾಗಾಗಿ ಪತ್ರಿಕೆಯಲ್ಲಿ ಓದುವ ಸರಕೂ ಇರಬೇಕಾಗುತ್ತದೆ. ಹಲವು ವರ್ಷ ಪತ್ರಿಕೆಗಳಿಂದ ದೂರವಿದ್ದ ಗಾಯಕ ಜಾರ್ಜ್ ಮೈಕೆಲ್ 1996ರಲ್ಲಿ ಸಂದರ್ಶನ ನೀಡಿದ್ದು ಇದೇ ಪತ್ರಿಕೆಗೆ. ತನ್ನ ಬೆಕ್ಕಿನೊಡನೆ ಇದನ್ನು ಮಾರುತ್ತಿದ್ದ ಜೇಮ್ಸ್ ಬೋವೆನ್ 2012ರಲ್ಲಿ ಪ್ರಕಟಿಸಿದ ಆತ್ಮಕಥನವು ಮುಂದೆ ಚಲನಚಿತ್ರವೂ ಆಯಿತು.

ಆದರೆ ಪತ್ರಿಕೆ ಮಾರಿದ ಮಾತ್ರಕ್ಕೆ ಮನೆ ದೊರೆಯುವುದಿಲ್ಲ. ಆ ಕೆಲಸಕ್ಕೆ ಸರ್ಕಾರದ ವಸತಿ ನೀತಿಯೇ ಬೇಕು. ಬೀದಿಯನ್ನೇ ನಂಬಿದ ವ್ಯಾಪಾರಕ್ಕೆ 2020ರ ಮಾರ್ಚಿನಲ್ಲಿ ಭಾರಿ ಪೆಟ್ಟು ಬಿದ್ದಿತು. ಕೋವಿಡ್ ಕಾರಣದಿಂದ ಬೀದಿ ಮಾರಾಟ ನಿಂತಾಗ ಪತ್ರಿಕೆ ಅಂಗಡಿಗಳನ್ನೂ ಚಂದಾದಾರರನ್ನೂ ಆಶ್ರಯಿಸಬೇಕಾಯಿತು. ಜೇಬಿನಲ್ಲಿ ಚಿಲ್ಲರೆಯಿಟ್ಟು ನಡೆಯುವವರೂ ಈಗ ಕಡಿಮೆ. ಮಾರಾಟಗಾರರು ಕಾರ್ಡ್ ಯಂತ್ರ ಹಿಡಿಯತೊಡಗಿದ್ದಾರೆ. ಯಂತ್ರಕ್ಕೆ ಬ್ಯಾಂಕ್ ಖಾತೆ ಬೇಕು. ಖಾತೆ ತೆರೆಯಹೋದರೆ ಬ್ಯಾಂಕಿನವರು ಮೊದಲು ಕೇಳುವುದು ಮನೆಯ ವಿಳಾಸ.